ಹೆಸರು ಹೇಳದೆ ಹೊರಟವರಿಗೆ

ವಿರಾಜಪೇಟೆಯಲ್ಲಿ ನಮ್ಮ ಇಇಜಿ ಹೆಡ್‌ಸೆಟ್ (ತಲೆಗೆ ಹಾಕಿ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಸಾಧನ) ಸರಿಮಾಡಿಕೊಟ್ಟು, ಹೆಸರೂ ಹೇಳದೆ ಮಳೆಯಲ್ಲೇ ಹೊರಟ ನಿಮಗೆ ಮನಸಾರೆ ಧನ್ಯವಾದ. ನೀವು ತೋರಿಸಿಕೊಟ್ಟದ್ದು ಇನ್ನೊಬ್ಬರಿಗೂ ಆಗಲಿ ಎಂದು ಬರೆಯುತ್ತಿದ್ದೇವೆ.

ಎಲ್ಲ ಚಾನೆಲ್‌ಗಳಲ್ಲೂ, ಅಂದರೆ ತಲೆಯ ಬೇರೆ ಬೇರೆ ಜಾಗದಿಂದ ಬರುವ ಗೆರೆಗಳಲ್ಲೂ, ಒಟ್ಟಿಗೇ ಗದ್ದಲ (ಬೇಡದ ಸಿಗ್ನಲ್) ಬಂದರೆ ಮೊದಲು ಕಿವಿಯ ಕ್ಲಿಪ್ ನೋಡಿ ಎಂದಿರಿ. ಆ ಕ್ಲಿಪ್ಪೇ ರೆಫರೆನ್ಸ್; ಪ್ರತಿ ಚಾನೆಲ್‌ನ ಅಳತೆಯೂ ಅದಕ್ಕೆ ಹೋಲಿಸಿಯೇ ಬರುವುದು. ಅದೊಂದು ಸಡಿಲವಾದರೆ ಎಲ್ಲವೂ ಕೆಟ್ಟಂತೆ ಕಾಣುತ್ತದೆ. ಕ್ಲಿಪ್ ಬಿಚ್ಚಿದರೆ ವೈರಿನ ಬುಡದಲ್ಲಿ ಹಸಿರು ಕಿಲುಬು! ಕೊಡಗಿನ ಮಳೆಗಾಲದ ತೇವಕ್ಕೆ ತಾಮ್ರ ಇನ್ನೇನಾದೀತು? ಕಿಲುಬು ಹಿಡಿದ ತುದಿ ಕತ್ತರಿಸಿ, ಹೊಸದಾಗಿ ಬೆಸುಗೆ ಹಾಕಿದಿರಿ. ಆದರೆ ಚರ್ಮಕ್ಕೆ ತಾಗುವ ಎಲೆಕ್ಟ್ರೋಡಿನ ಬೂದು ಮುಖವನ್ನು ಉಜ್ಜಲು ಬಿಡಲಿಲ್ಲ. ಆ ಸಿಲ್ವರ್ ಕ್ಲೋರೈಡ್ ಪದರ ಹೋದರೆ ಗೆರೆ ಮೇಲೆ ಕೆಳಗೆ ತೇಲಾಡುತ್ತದೆ.

ಕಿವಿಹಾಲೆ, ಹಣೆಗಳನ್ನು ಸ್ಪಿರಿಟ್‌ನಿಂದ ಒರೆಸಿ, ಆರಿದ ಮೇಲೆ ವಿದ್ಯುತ್ ಹರಿಯಲು ಬಿಡುವ ಜೆಲ್. ಕೂದಲು ಸರಿಸಿ ತಲೆಯ ಚರ್ಮಕ್ಕೇ ತಾಗಬೇಕು. ಜೆಲ್ ಹೆಚ್ಚಾದರೆ ಪಕ್ಕದ ಎಲೆಕ್ಟ್ರೋಡಿಗೂ ಹರಿದು ಎರಡರ ಸಿಗ್ನಲ್ ಒಂದೇ ಆಗುತ್ತದೆ.

ಮನೆಯ ಕರೆಂಟಿನಿಂದ ಬರುವ 50 ಹರ್ಟ್ಜ್ ಗುಂಯ್ ಎನ್ನುವುದು ಉಳಿದಾಗ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿರಿ. ತಲೆಗೆ ವೈರು ಕಟ್ಟಿಕೊಂಡಾಗ ಎಲ್ಲವೂ ಬ್ಯಾಟರಿಯಲ್ಲೇ ಓಡಬೇಕು, ಇದು ಜೀವದ ಪ್ರಶ್ನೆಯೂ ಹೌದು. ಸಂಪರ್ಕ ಸರಿಮಾಡದೆ ಆ ಒಂದು ಆವರ್ತನವನ್ನಷ್ಟೇ ಸೋಸುವ ನಾಚ್ ಫಿಲ್ಟರ್ ಹಾಕಿದರೆ ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ ಎಂಬ ನಿಮ್ಮ ಮಾತು ಮರೆಯುವುದಿಲ್ಲ.

ಕೊನೆಗೆ ಸರಿಯಾಯಿತೇ ಎಂದು ನೋಡಲು ಕಣ್ಣು ಮುಚ್ಚಿಸಿದಿರಿ. ಹಿಂದಲೆಯ ಚಾನೆಲ್‌ನಲ್ಲಿ 10 ಹರ್ಟ್ಜ್ ಸುತ್ತಮುತ್ತ, ಕಣ್ಣು ಮುಚ್ಚಿ ಆರಾಮವಾಗಿದ್ದಾಗ ಮಿದುಳಲ್ಲಿ ಕಾಣುವ ಆಲ್ಫಾ ಅಲೆ ಎದ್ದಿತು. ಕಣ್ಣು ತೆರೆದೊಡನೆ ಅಡಗಿತು.