ದಿನಕ್ಕೊಂದು ಅಧ್ಯಾಯ ಸಾಕು

ಸಂಪಾದಕರೇ,

ಹೊಸ ವರ್ಷಕ್ಕೆ ಬೈಬಲ್ ಪೂರ್ತಿ ಓದುತ್ತೇನೆ ಅಂತ ಹೊರಡುವವರು ಜಾಸ್ತಿ, ಮೂರನೆಯ ಪುಸ್ತಕವಾದ ಯಾಜಕಕಾಂಡದ ಬಲಿ ನಿಯಮಗಳು ಬಂದಾಗ ನಿಲ್ಲಿಸುವವರೂ ಅಷ್ಟೇ ಜಾಸ್ತಿ. ನಾನೂ ಎರಡು ಸಲ ಹಾಗೇ ನಿಲ್ಲಿಸಿದೆ. ಪ್ರೊಟೆಸ್ಟಂಟ್ ಬೈಬಲಿನಲ್ಲಿ 66 ಪುಸ್ತಕ, 1189 ಅಧ್ಯಾಯ. ಒಂದೇ ವರ್ಷದಲ್ಲಿ ಮುಗಿಸಬೇಕು ಅಂದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಅಧ್ಯಾಯ ಓದಬೇಕು, ಅದು ಓದಲ್ಲ, ಓಟ.

ಈ ಸಲ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯದಲ್ಲೇ, ಅಂದರೆ ದೇವರು ಲೋಕವನ್ನು ಸೃಷ್ಟಿಸಿದ ಕಥೆಯಲ್ಲೇ, ಒಂದು ವಾರ ಕೂತೆ. ಬರೀ 31 ವಚನ. ಆದರೆ ನಿಧಾನವಾಗಿ ಓದಿದಾಗ ಕಂಡದ್ದು ಎಷ್ಟೊಂದು! ಬೆಳಕು ಮೊದಲನೆಯ ದಿನವೇ ಬರುತ್ತದೆ, ಸೂರ್ಯ ಚಂದ್ರ ಬರುವುದು ನಾಲ್ಕನೆಯ ದಿನ. ದಿನದ ಲೆಕ್ಕ ಶುರುವಾಗುವುದು ಸಾಯಂಕಾಲದಿಂದ. ಏಳನೆಯ ದಿನದ ವಿಶ್ರಾಂತಿಗೆ ಎರಡನೆಯ ಅಧ್ಯಾಯಕ್ಕೇ ಹೋಗಬೇಕು (ಅಧ್ಯಾಯಗಳ ವಿಂಗಡಣೆ ಆಮೇಲೆ ಬಂದದ್ದು, ಅಲ್ವಾ). ಅಲ್ಲಿಂದ ಕಥೆ ಮತ್ತೆ ಬೇರೆ ಥರ ಶುರು, ಮಣ್ಣಿನಿಂದ ಮನುಷ್ಯ, ಆಮೇಲೆ ತೋಟ, ಪ್ರಾಣಿಗಳು. ಎರಡೂ ಕಡೆ ಕ್ರಮ ಯಾಕೆ ಬೇರೆ ಅಂತ ಸುಮ್ನೆ ಯೋಚಿಸಿದರೂ ಒಂದು ಬೆಳಿಗ್ಗೆ ಕಳೆದುಹೋಗುತ್ತದೆ.

ಹೊಸಬರಿಗೆ ವೇಳಾಪಟ್ಟಿ ಕೊಡುವವರು ಇದನ್ನು ಸ್ವಲ್ಪ ಗಮನಿಸಲಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಪಾಲು ಓದಿಸಬೇಡಿ, ಬಿಟ್ಟಲ್ಲಿಂದಲೇ ಮುಂದುವರಿಸಲು ಹೇಳಿ.

ಇಂತಿ, ಒಬ್ಬ ಓದುಗ