ಬೇಸಿಗೆಯ ಸಿಹಿ: ಕರೆದು ಬಡಿಸುವುದು, ಕಟ್ಟಿ ಕಳಿಸುವುದು

ಚಿತ್ರದುರ್ಗ

ಚಿ. ಸೌ. ಮಗಳಿಗೆ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ. ನೀನು, ಅಳಿಯಂದಿರು, ನಿನ್ನ ಅತ್ತೆ ಮಾವಂದಿರು, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ಕೇಳಿ ಸಂತೋಷವಾಯಿತು. ಶಾಲೆಗೆ ರಜೆ ಬಂದ ಮೇಲೆ ಓಣಿಯ ಮಕ್ಕಳೆಲ್ಲ ಮಧ್ಯಾಹ್ನವಾದರೆ ನಿಮ್ಮ ಪಡಸಾಲೆಯಲ್ಲೇ ಸೇರುತ್ತಾರೆಂದೂ, ಈ ಎರಡು ತಿಂಗಳು ಅವರಿಗೂ ಅಕ್ಕಪಕ್ಕದ ಮನೆಗಳಿಗೂ ಕೈಯಾರೆ ಏನಾದರೂ ಸಿಹಿ ಮಾಡಿ ಹಂಚಬೇಕೆಂಬ ಆಸೆಯಿದೆಯೆಂದೂ ಮೊನ್ನೆ ಫೋನಿನಲ್ಲಿ ಹೇಳಿದೆ. ಏನು ಮಾಡಿದರೆ ಚೆನ್ನ ಎಂದು ಕೇಳಿದೆ. ಫೋನಿನಲ್ಲಿ ಹೇಳಿದ್ದು ಒಲೆಯ ಮುಂದೆ ನಿಂತಾಗ ನೆನಪಿಗೆ ಬರುವುದಿಲ್ಲವಾದ್ದರಿಂದ ನಿಧಾನವಾಗಿ ಕುಳಿತು ಬರೆಯುತ್ತಿದ್ದೇನೆ. ಈ ಕಾಗದವನ್ನು ಅಡುಗೆಮನೆಯಲ್ಲೇ ಇಟ್ಟುಕೊ.

ಏನು ಮಾಡಬೇಕೆಂಬುದಕ್ಕಿಂತ ಮೊದಲು, ಮಾಡಿದ್ದನ್ನು ಹೇಗೆ ಹಂಚಬೇಕೆಂಬುದನ್ನು ನೀನು ತೀರ್ಮಾನಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಹಾಲು, ತೆಂಗಿನಕಾಯಿ, ಹಣ್ಣು ಬಿದ್ದ ಸಿಹಿಯನ್ನು ಜನರನ್ನು ಮನೆಗೆ ಕರೆದು ಬಡಿಸು. ಪಾಕದಲ್ಲಿ ಕಟ್ಟಿದ ಒಣ ಸಿಹಿಯನ್ನು ಮಾತ್ರ ಡಬ್ಬಿಗೆ ತುಂಬಿ ಕಳಿಸು. ಬೇರೆ ಯಾವ ಮಾತನ್ನು ಮರೆತರೂ ಇದೊಂದನ್ನು ಮರೆಯಬೇಡ. ದಾವಣಗೆರೆಯ ಏಪ್ರಿಲ್, ಮೇ ತಿಂಗಳ ಬಿಸಿಲು ನಿನಗೆ ಹೊಸದಲ್ಲ. ಮಧ್ಯಾಹ್ನದ ಹೊತ್ತು 40 ಡಿಗ್ರಿಯ ಸಮೀಪಕ್ಕೆ ಹೋಗುವ ದಿನಗಳಿವೆ. ಬೇಯಿಸಿದ, ನೀರಿನಂಶವಿರುವ ಪದಾರ್ಥವನ್ನು ಸಾಧಾರಣ ಹವೆಯಲ್ಲಿ 2 ಗಂಟೆಗಿಂತ ಹೆಚ್ಚು ಹೊರಗಿಡಬಾರದು, ಸೆಕೆ 32 ಡಿಗ್ರಿ ದಾಟಿದರೆ 1 ಗಂಟೆಗಿಂತ ಹೆಚ್ಚು ಇಡಬಾರದು ಎಂಬುದು ಆಹಾರ ಸುರಕ್ಷತೆಯ ತಿಳಿವಳಿಕೆಯುಳ್ಳವರು ಹೇಳುವ ಲೆಕ್ಕ. ನಮ್ಮ ಬೇಸಿಗೆಗೆ ಆ ಒಂದು ಗಂಟೆಯ ಲೆಕ್ಕವೇ ಸರಿ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿದ ಮೇಲೆ. ನಿನ್ನ ಅಣ್ಣನಿಗೆ ಆಗ ನಾಲ್ಕು ವರ್ಷವಿರಬೇಕು, ನೀನಿನ್ನೂ ಹುಟ್ಟಿರಲಿಲ್ಲ. ಒಳ್ಳೆಯ ರಸಪುರಿ ಹಣ್ಣು ಬಂದಿತ್ತೆಂದು ಬೆಳಿಗ್ಗೆಯೇ ಹಾಲು ಬೆರೆಸಿ ಸೀಕರಣೆ ಮಾಡಿ, ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿ, ಊರಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ನಿನ್ನ ಅಮ್ಮನಿಗೆ ಕಳಿಸಿದೆ. ದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿಲೋಮೀಟರು. ಅಷ್ಟು ಹೊತ್ತಿಗೆ ಏನಾದೀತು ಎಂದುಕೊಂಡೆ. ಬಸ್ಸಿಗೆ ಕಾದದ್ದು, ದಾರಿಯ ಹೊತ್ತು, ಇಳಿದ ಮೇಲೆ ಅವರು ತಮ್ಮ ಕೆಲಸ ಮುಗಿಸಿಕೊಂಡು ಮನೆಗೆ ತಲುಪಿಸಿದ ಹೊತ್ತು ಎಲ್ಲ ಸೇರಿ ಡಬ್ಬಿಯ ಮುಚ್ಚಳ ತೆಗೆದಾಗ ಮಧ್ಯಾಹ್ನ ಮೂರು ಗಂಟೆಯಾಗಿತ್ತು. ಮಾವಿನ ಪರಿಮಳದ ಅಡಿಯಲ್ಲಿ ಹಾಲು ಹುಳಿಯಾದದ್ದು ಯಾರಿಗೂ ಗೊತ್ತಾಗಲಿಲ್ಲ. ಆ ಕೂಸು ಎರಡು ಬಟ್ಟಲು ತಿಂದು ರಾತ್ರಿಯೆಲ್ಲ ವಾಂತಿ ಮಾಡಿಕೊಂಡಿತು. ನಿನ್ನ ಅಮ್ಮ ಇಂದಿಗೂ ಆ ಮಾತನ್ನು ನನ್ನ ಮುಂದೆ ಎತ್ತಿಲ್ಲ. ನಾನು ಮಾತ್ರ ಮರೆತಿಲ್ಲ.

ಆದ್ದರಿಂದ ಕಳಿಸುವ ಸಿಹಿಯ ವಿಷಯವನ್ನೇ ಮೊದಲು ಹೇಳುತ್ತೇನೆ. ಮಂಡಕ್ಕಿ ಭಟ್ಟಿಗಳಿರುವ ಊರಿನಲ್ಲಿದ್ದುಕೊಂಡು ನೀನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ದಾವಣಗೆರೆಯ ಮಂಡಕ್ಕಿಯನ್ನು ಖಾರ ಮಂಡಕ್ಕಿಗೆ ಮಾತ್ರವೆಂದು ತಿಳಿಯುವುದು ಅದಕ್ಕೆ ಮಾಡುವ ಅನ್ಯಾಯ. ಬೆಲ್ಲದ ಪಾಕದಲ್ಲಿ ಕಟ್ಟಿದ ಮಂಡಕ್ಕಿ ಉಂಡೆಯಷ್ಟು ಹಗುರವಾದ, ಮಕ್ಕಳ ಕೈಗೆ ಒಪ್ಪುವ, ಬಿಸಿಲಿಗೆ ಕೆಡದ ಸಿಹಿ ನಮ್ಮ ಕಡೆ ಇನ್ನೊಂದಿಲ್ಲ. ಒಂದು ಲೋಟ ಪುಡಿ ಮಾಡಿದ ಬೆಲ್ಲಕ್ಕೆ ಆರು ಲೋಟ ಮಂಡಕ್ಕಿ ಲೆಕ್ಕ. ಮಂಡಕ್ಕಿಯನ್ನು ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಗರಿಗರಿಯಾಗುವವರೆಗೆ ಬೆಚ್ಚಗೆ ಮಾಡಿಕೊ, ಬಣ್ಣ ಬದಲಾಗಬಾರದು. ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ, ಒಮ್ಮೆ ಸೋಸಿಯೇ ಮತ್ತೆ ಒಲೆಗಿಡು, ಏಕೆಂದರೆ ಬೆಲ್ಲದಲ್ಲಿ ಮರಳು, ಕಬ್ಬಿನ ನಾರು ಇರುವುದುಂಟು. ಬೆಲ್ಲ ಕೊಳ್ಳುವಾಗ ಹೊಳೆಯುವ ತಿಳಿ ಹಳದಿ ಬಣ್ಣವನ್ನು ನೋಡಿ ಮರುಳಾಗಬೇಡ; ಆ ಬಣ್ಣ ಬರಿಸಲು ಹೈಡ್ರೋಸ್ ಎಂಬ ಬಿಳುಪು ಮಾಡುವ ರಾಸಾಯನಿಕ ಹಾಕಿರುವುದುಂಟು. ಕಂದು ಬಣ್ಣದ, ನೋಡಲು ಅಷ್ಟೇನೂ ಚೆಂದವಿಲ್ಲದ ಬೆಲ್ಲವೇ ರುಚಿಗೆ ಒಳ್ಳೆಯದು.

ಇನ್ನು ಪಾಕ. ಇಲ್ಲಿ ಗಡಿಬಿಡಿ ಮಾಡಬೇಡ, ಬೇರೆ ಕೆಲಸ ಇಟ್ಟುಕೊಳ್ಳಬೇಡ. ಮೊದಲು ದೊಡ್ಡ ದೊಡ್ಡ ನೊರೆಯ ಗುಳ್ಳೆಗಳು ಏಳುತ್ತವೆ. ಸ್ವಲ್ಪ ಹೊತ್ತಿಗೆ ಗುಳ್ಳೆ ಚಿಕ್ಕದಾಗಿ, ಒತ್ತಾಗಿ, ಸೌಟಿನಿಂದ ಬೀಳುವ ಧಾರೆ ದಪ್ಪವಾಗುತ್ತದೆ. ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ತಣ್ಣೀರಿಟ್ಟುಕೊಂಡು ಒಂದು ಹನಿ ಬಿಡು. ಹನಿ ನೀರಿನಲ್ಲಿ ಹರಡಿಕೊಂಡರೆ ಪಾಕ ಇನ್ನೂ ಎಳೆಯದು. ಬೆರಳಲ್ಲಿ ಕೂಡಿಸಿದರೆ ಮೆತ್ತಗಿನ ಉಂಡೆಯಾದರೆ ಹತ್ತಿರ ಬಂದಿದೆ, ಆದರೆ ಸಾಲದು. ಆ ಉಂಡೆಯನ್ನು ತೆಗೆದು ತಟ್ಟೆಯ ಅಂಚಿಗೆ ಹೊಡೆದಾಗ ಟಣ್ ಎಂದು ಸದ್ದಾಗಬೇಕು. ಆ ಸದ್ದು ಕೇಳಿದ ಕ್ಷಣವೇ ಒಲೆ ಆರಿಸಿ, ಏಲಕ್ಕಿ, ಹುರಿಗಡಲೆ, ಕೊಬ್ಬರಿಯ ಸಣ್ಣ ಚೂರುಗಳ ಜೊತೆಗೆ ಮಂಡಕ್ಕಿಯನ್ನು ಸುರಿದು ಅಡಿಯಿಂದ ಮೇಲಕ್ಕೆ ಮಗುಚಬೇಕು. ಅರ್ಧ ನಿಮಿಷ ಮುಂಚೆ ಇಳಿಸಿದರೆ ಉಂಡೆ ಮಾರನೆಯ ದಿನವೇ ಅಂಟಂಟಾಗುತ್ತದೆ, ಅರ್ಧ ನಿಮಿಷ ತಡವಾದರೆ ಕಟ್ಟುವ ಮೊದಲೇ ಬಿರುಸಾಗುತ್ತದೆ. ಬಿರುಸಾದರೆ ಬಾಣಲೆಯನ್ನು ಮತ್ತೆ ಸಣ್ಣ ಉರಿಯ ಮೇಲೆ ಕ್ಷಣಕಾಲ ಇಟ್ಟರೆ ಸಡಿಲವಾಗುತ್ತದೆ. ಕೈಗೆ ನೀರು ಸವರಿಕೊಂಡು ಬಿಸಿಯಿರುವಾಗಲೇ ಕಟ್ಟು, ಆದರೆ ಮಕ್ಕಳನ್ನು ಆ ಹೊತ್ತಿನಲ್ಲಿ ಹತ್ತಿರ ಬಿಡಬೇಡ. ಈ ಹದದ ಪಾಕ ಸುಮಾರು 120 ಡಿಗ್ರಿ ಕಾದಿರುತ್ತದೆ, ಕುದಿಯುವ ನೀರಿಗಿಂತಲೂ ಹೆಚ್ಚು. ಮೈಗೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಅವರಿಗೆ ಉಂಡೆ ಎಣಿಸಿ ಡಬ್ಬಿಗೆ ಹಾಕುವ ಕೆಲಸ ಕೊಡು. ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕಬೇಕು. ನಮ್ಮ ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಇದು ಹದಿನೈದು ದಿನ ಗರಿಗರಿಯಾಗಿಯೇ ಇರುತ್ತದೆ. ಮುಂಗಾರಿನ ತೇವ ಶುರುವಾದ ಮೇಲೆ ಅಷ್ಟು ದಿನ ನಿಲ್ಲುವುದಿಲ್ಲ.

ಇದೇ ಪಾಕದ ಕೈ ಬಂದ ಮೇಲೆ ಶೇಂಗಾ ಉಂಡೆಯೂ ಸುಲಭ. ಚಳ್ಳಕೆರೆ ಕಡೆಯ ಶೇಂಗಾ ಸಿಕ್ಕರೆ ಬಿಡಬೇಡ. ಹುರಿಯುವ ಮೊದಲು ತಟ್ಟೆಗೆ ಹರವಿ, ಮುದುಡಿದ, ಕಪ್ಪಾದ, ಬೂಷ್ಟು ಹಿಡಿದ ಕಾಳನ್ನು ಒಂದೂ ಬಿಡದಂತೆ ಆರಿಸಿ ಎಸೆ. ಕಹಿಯಾಗುತ್ತದೆ ಎಂಬುದಕ್ಕಿಂತ ಹೆಚ್ಚಾಗಿ ಆ ಬೂಷ್ಟು ಪಿತ್ತಜನಕಾಂಗಕ್ಕೆ ವಿಷ. ಕೆಲವು ಮಕ್ಕಳಿಗೆ ಶೇಂಗಾ ಒಗ್ಗುವುದಿಲ್ಲ, ಆದ್ದರಿಂದ ಹೊಸ ಮನೆಗೆ ಕಳಿಸುವಾಗ ಒಂದು ಮಾತು ಕೇಳಿಯೇ ಕಳಿಸು.

ಇನ್ನು ಕರೆದು ಬಡಿಸುವ ಸಿಹಿಗಳು. ಮಾವಿನ ಸೀಕರಣೆಯನ್ನು ನಾನು ಬಿಟ್ಟಿಲ್ಲ, ನೀನೂ ಬಿಡಬೇಕಾಗಿಲ್ಲ. ಆದರೆ ಜನ ಬಂದು ಕುಳಿತ ಮೇಲೆಯೇ ಹಾಲು ಬೆರೆಸು. ಸೀಕರಣೆಗೆ ರಸಪುರಿಯೇ ಸೈ, ಬಾದಾಮಿ ಹಣ್ಣು ಹೋಳು ಮಾಡಿ ತಿನ್ನಲು ಚೆನ್ನ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದ್ದರೂ ಹಾಕುವವರು ಇದ್ದಾರೆ. ಮೇಲೆ ಒಂದೇ ಸಮನೆ ಹಳದಿಯಾಗಿದ್ದು ತೊಟ್ಟಿನ ಬಳಿ ಮೂಗಿಟ್ಟರೆ ವಾಸನೆಯೇ ಇಲ್ಲದ ಹಣ್ಣನ್ನು ಕೊಳ್ಳಬೇಡ. ತಂದ ಹಣ್ಣನ್ನು ಒಂದು ಗಂಟೆ ನೀರಿನಲ್ಲಿ ನೆನೆಹಾಕಿ, ತೊಟ್ಟು ಮುರಿದು ಸೊನೆ ತೊಳೆದು, ಆಮೇಲೆ ಹಿಂಡು. ಹಾಲು ಕಾಯಿಸಿ ಪೂರ್ತಿ ತಣ್ಣಗಾಗಿರಬೇಕು, ಬಿಸಿ ಹಾಲಿಗೆ ಹಣ್ಣಿನ ಹುಳಿ ತಾಗಿದರೆ ಒಡೆಯುತ್ತದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹಣ್ಣಿನ ರಸವನ್ನು ಇಡಲೇಬೇಡ, ಕಿಲುಬು ಬಿಡುತ್ತದೆ. ಒತ್ತು ಶಾವಿಗೆ ಮಾಡಿದ ದಿನ ಇದನ್ನು ಜೊತೆಗೆ ಬಡಿಸಿದರೆ ಬಂದವರಿಗೆ ಬೇರೆ ಊಟವೇ ಬೇಡ.

ರಾಗಿ ಹಾಲುಬಾಯಿ ಮಕ್ಕಳಿಗೆ ತಂಪು. ರಾತ್ರಿ ನೆನೆಹಾಕಿದ ಒಂದು ಲೋಟ ರಾಗಿಯನ್ನು ಅರ್ಧ ತೆಂಗಿನಕಾಯಿಯ ತುರಿಯೊಡನೆ ರುಬ್ಬಿ, ಬಟ್ಟೆಯಲ್ಲಿ ಮೂರು ಸಲ ಹಿಂಡಿ ಹಾಲು ತೆಗೆದು, ಒಂದೂಕಾಲು ಲೋಟ ಬೆಲ್ಲ ಸೇರಿಸಿ, ದಪ್ಪ ತಳದ ಪಾತ್ರೆಯಲ್ಲಿ ಕೈ ಬಿಡದೆ ತಿರುವಬೇಕು. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಅದು ಹೊಳಪು ಬಂದು, ಪಾತ್ರೆಯ ಅಂಚು ಬಿಟ್ಟು, ನೀರು ಮುಟ್ಟಿದ ಬೆರಳಿಗೆ ಅಂಟದಂತಾಗುತ್ತದೆ. ತುಪ್ಪ ಸವರಿದ ತಟ್ಟೆಗೆ ಸುರಿದು ಆರಿಸಿ ಕತ್ತರಿಸು. ಕಾಯಿಹಾಲು ಬಿದ್ದಿರುವುದರಿಂದ ಅಂದಿನದು ಅಂದಿಗೇ ಮುಗಿಯಬೇಕು.

ಮಕ್ಕಳು ಪುಡಿಂಗ್, ಜೆಲ್ಲಿ ಎಂದು ಕೇಳುತ್ತಾರೆ ಎಂದಿದ್ದೆ. ಅಂಗಡಿಯ ಜೆಲ್ಲಿ ಪೊಟ್ಟಣಗಳಲ್ಲಿ ಕೆಲವಕ್ಕೆ ಜೆಲಾಟಿನ್ ಹಾಕಿರುತ್ತಾರೆ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದು. ನಿಮ್ಮ ಮನೆಗೂ ಓಣಿಯ ಎಷ್ಟೋ ಮನೆಗಳಿಗೂ ಅದು ಸಲ್ಲುವುದಿಲ್ಲವಾದ್ದರಿಂದ ತಿಳಿಯದೆ ಬಡಿಸಿದರೆ ಅವರ ನಂಬಿಕೆಗೆ ನೋವು ಮಾಡಿದಂತೆ. ಕಿರಾಣಿ ಅಂಗಡಿಯಲ್ಲಿ ಚೀನಾ ಗ್ರಾಸ್ ಎಂದು ಕೇಳು; ಅದು ಸಮುದ್ರದ ಪಾಚಿಯಿಂದ ಮಾಡಿದ್ದು. 10 ಗ್ರಾಂ ಚೀನಾ ಗ್ರಾಸನ್ನು ನೀರಿನಲ್ಲಿ ನೆನೆಸಿ, ಕುದಿಸಿ ಪೂರ್ತಿ ಕರಗಿಸಿ, 1 ಲೀಟರು ಬಿಸಿ ಹಾಲು ಸಕ್ಕರೆಗೆ ಸೋಸಿ ಬೆರೆಸಿದರೆ ಸಾಕು. ಜೆಲಾಟಿನ್ ಹಾಕಿದ್ದು ನಮ್ಮ ಮೇ ತಿಂಗಳ ಸೆಕೆಗೆ ತಟ್ಟೆಯಲ್ಲೇ ನೀರಾಗುತ್ತದೆ. ಚೀನಾ ಗ್ರಾಸ್ ಒಮ್ಮೆ ಹೆಪ್ಪುಗಟ್ಟಿದರೆ 80 ಡಿಗ್ರಿ ದಾಟುವವರೆಗೂ ಕರಗುವುದಿಲ್ಲ. ಕರಗದು ಎಂದ ಮಾತ್ರಕ್ಕೆ ಕೆಡದು ಎಂದಲ್ಲ, ಇದರಲ್ಲೂ ಹಾಲಿದೆ.

ಕುಲ್ಫಿಗೆ ಹೇಳುವುದು ಹೆಚ್ಚಿಲ್ಲ. ಕೆನೆಭರಿತ ಹಾಲು ಅರ್ಧಕ್ಕಿಂತ ಕಡಿಮೆಯಾಗುವವರೆಗೆ ಅಗಲ ಪಾತ್ರೆಯಲ್ಲಿ ಕಾಯಬೇಕು, ಅಂಚಿನ ಕೆನೆಯನ್ನು ಕೆರೆದು ಕೆರೆದು ಒಳಗೇ ಹಾಕಬೇಕು. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುವುದರಿಂದ ಅಚ್ಚಿಗೆ ಸುರಿಯುವಾಗ ಸಕ್ಕರೆ ಒಂದು ಕೈ ಮುಂದಿರಲಿ. ಕರೆಂಟು ಹೋಗಿ ಕರಗಿದ ಕುಲ್ಫಿಯನ್ನು ಮತ್ತೆ ಗಟ್ಟಿ ಮಾಡಿ ಮಕ್ಕಳಿಗೆ ಕೊಡಬೇಡ.

ಕೊಡುವ ಕೈಯಷ್ಟೇ ತೆಗೆದುಕೊಳ್ಳುವವರನ್ನೂ ನೋಡಬೇಕು. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ "ಬೆಲ್ಲದಲ್ಲಿ ಮಾಡಿದ್ದು, ಏನೂ ಆಗುವುದಿಲ್ಲ, ತಿನ್ನಿ" ಎಂದು ಒತ್ತಾಯ ಮಾಡುವವರನ್ನು ನೋಡಿದ್ದೇನೆ, ನನಗೆ ಅದು ಸರಿ ಬಾರದು. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅಂಥವರು ಬಂದರೆ ಬೆಲ್ಲ ಹಾಕದ ನೀರು ಮಜ್ಜಿಗೆ, ಒಂದು ಹಿಡಿ ಕೋಸಂಬರಿ ಬೇರೆಯಾಗಿ ತೆಗೆದಿಟ್ಟಿರು. ತಮ್ಮನ್ನು ನೆನೆದು ಮಾಡಿದ್ದಾಳೆಂದು ಅವರಿಗೆ ತಿಳಿಯುತ್ತದೆ. ಒಂದು ವರ್ಷ ತುಂಬದ ಕೂಸಿನ ಬಾಯಿಗೆ ಜೇನುತುಪ್ಪವನ್ನು ಯಾರೇ ಹೇಳಿದರೂ ಸವರಬೇಡ, ಅದರಿಂದ ಕೂಸಿನ ಜೀವಕ್ಕೇ ಅಪಾಯವಾಗುವುದುಂಟು. ಅಂಗಳದಲ್ಲಿ ಕೆಲಸ ಮಾಡುವವರು, ತರಕಾರಿ ತಳ್ಳುಗಾಡಿಯವರು ಬಿಸಿಲಿನಲ್ಲಿ ಬಂದರೆ ಉಂಡೆಗಿಂತ ಮೊದಲು ಪಾನಕ ಕೊಡು. ಕರಬೂಜ ಹಣ್ಣಿನದೋ ಬೇಲದ ಹಣ್ಣಿನದೋ ಯಾವುದಾದರೂ ಸರಿ, ಬೆಲ್ಲ, ಏಲಕ್ಕಿಯ ಜೊತೆ ಒಂದು ಚಿಟಿಕೆ ಉಪ್ಪು ಬಿದ್ದಿರಲಿ. ಬೆವರಿನಲ್ಲಿ ಹೋದ ಉಪ್ಪು ಅವರಿಗೆ ಬೇಕು. ಮನೆಯವರು ಕುಡಿಯುವ ಲೋಟದಲ್ಲೇ ಅವರಿಗೂ ಕೊಡು.

ಬಸವ ಜಯಂತಿಯ ಮಾರನೆಯ ದಿನ ನಾನೂ ನಿನ್ನ ದೊಡ್ಡಪ್ಪನೂ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇವೆ. ಅಷ್ಟರಲ್ಲಿ ಭಟ್ಟಿಯಿಂದ ಆ ದಿನದ ಹೊಸ ಮಂಡಕ್ಕಿ ಎರಡು ಸೇರು ತರಿಸಿಡು. ಬೆಲ್ಲ ಮಾತ್ರ ತರಿಸಬೇಡ, ಇಲ್ಲಿ ಒಳ್ಳೆಯ ಕಂದು ಬೆಲ್ಲ ಸಿಕ್ಕಿದೆ, ನಾನೇ ತರುತ್ತೇನೆ. ಪಾಕದ ಸದ್ದನ್ನು ನೀನೇ ಕೇಳಿ ಒಲೆ ಆರಿಸಬೇಕು, ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ಇಂತಿ ನಿನ್ನ ದೊಡ್ಡಮ್ಮ