ದೂರು ಇಟ್ಟುಕೊಂಡು ಕೂರುವ ಸಂಘಕ್ಕೂ ಒಂದು ಗಡುವು ಬೇಕು

ಸಂಪಾದಕರಿಗೆ,

ಮಾನ್ಯರೇ,

ನಾನು ಸರ್ಕಾರಿ ಸಾರಿಗೆ ನಿಗಮವೊಂದರಲ್ಲಿ ಬಸ್ ಕಂಡಕ್ಟರ್. ಕೆಲಸಕ್ಕೆ ಸೇರಿದಾಗಿನಿಂದ ಕಾರ್ಮಿಕ ಸಂಘದ ಸದಸ್ಯ. ಸಂಘ ಬೇಕೇ ಬೇಕು ಅನ್ನುವವನು. ಆದರೆ ಇವತ್ತು ನನ್ನ ತಕರಾರು ಇರುವುದು ಡಿಪೊ ಮ್ಯಾನೇಜರ್ ಮೇಲಲ್ಲ, ನನ್ನದೇ ಸಂಘದ ಮೇಲೆ. ಸದಸ್ಯನ ದೂರನ್ನು ಕೈಗೆ ತೆಗೆದುಕೊಂಡ ಮೇಲೆ ಇಂತಿಷ್ಟು ದಿನದೊಳಗೆ ಅದನ್ನು ಮುಂದಕ್ಕೆ ಒಯ್ಯಬೇಕು, ಆಗಲ್ಲ ಅಂದರೆ ಆಗಲ್ಲ ಅಂತ ಬರೆದು ಕೊಡಬೇಕು. ನಾನು ಕೇಳುತ್ತಿರುವುದು ಇಷ್ಟೇ.

ನಡೆದದ್ದು ಹೇಳುತ್ತೇನೆ. ಅವತ್ತು ಹಬ್ಬದ ಹಿಂದಿನ ದಿನ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಬಸ್ಸುಗಳು ಹೇಗೆ ತುಂಬುತ್ತವೆ ಅನ್ನೋದು ಎಲ್ಲರಿಗೂ ಗೊತ್ತು. ಹೆಣ್ಣುಮಕ್ಕಳು ಟಿಕೆಟಿಗೆ ದುಡ್ಡು ಕೊಡಬೇಕಿಲ್ಲ ನಿಜ, ಆದರೆ ಒಬ್ಬೊಬ್ಬರಿಗೂ ಶೂನ್ಯ ಟಿಕೆಟ್ ಕೊಡಲೇಬೇಕು, ಅದಕ್ಕೆ ಆಧಾರ್ ಕಾರ್ಡೋ ಇನ್ನೊಂದೋ ನೋಡಬೇಕು. ಮುಂದಿನಿಂದ ಟಿಕೆಟ್ ಕೊಡುತ್ತಾ ಹಿಂದಿನ ಬಾಗಿಲ ಹತ್ತಿರ ಬರುವಷ್ಟರಲ್ಲಿ ಮಷೀನಿನ ಪೇಪರ್ ರೋಲ್ ಮುಗಿಯಿತು. ಕಂಬಿಗೆ ಒರಗಿ ನಿಂತು, ಬ್ಯಾಗಿನಿಂದ ಹೊಸ ರೋಲ್ ತೆಗೆದು ಹಾಕುತ್ತಿದ್ದೆ, ಆಗಲೇ ಬಸ್ ನಿಂತಿತು, ತನಿಖೆಯವರು ಹತ್ತಿದರು. ಹಿಂದಿನ ಸ್ಟಾಪಿನಲ್ಲಿ ಹತ್ತಿದ್ದ ಒಬ್ಬರ ಹತ್ತಿರ ಟಿಕೆಟ್ ಇರಲಿಲ್ಲ. ಅವರು ದುಡ್ಡನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದರು. ತನಿಖೆಯವರು ನನ್ನ ಬ್ಯಾಗಿನ ಹಣ ಎಣಿಸಿದರು, ಟಿಕೆಟ್ ಲೆಕ್ಕದ ವೇಬಿಲ್ ಜೊತೆ ತಾಳೆ ನೋಡಿದರು. ಒಂದು ರೂಪಾಯಿ ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. ಆದರೂ ಮೆಮೊ ಕೊಟ್ಟರು.

ಆಮೇಲೆ ಆರೋಪ ಪತ್ರ ಬಂತು. ಉತ್ತರ ಕೊಟ್ಟೆ. ಕೊನೆಗೆ ಒಂದು ವಾರ್ಷಿಕ ಇನ್ಕ್ರಿಮೆಂಟ್ ಕಾಯಂ ಆಗಿ ಕಡಿತ ಅಂತ ಆದೇಶ ಬಂತು. ಹೊರಗಿನವರಿಗೆ ಇದು ಸಣ್ಣದು ಅನ್ನಿಸಬಹುದು. ಆದರೆ ಮೂಲ ವೇತನ ಒಂದು ಮೆಟ್ಟಿಲು ಇಳಿದರೆ ಅದರ ಮೇಲಿನ ತುಟ್ಟಿಭತ್ಯೆ ಇಳಿಯುತ್ತದೆ, ಪಿಎಫ್ ಇಳಿಯುತ್ತದೆ, ನಿವೃತ್ತಿಯ ದಿನ ಕೈಗೆ ಬರುವ ಗ್ರಾಚ್ಯುಟಿಯೂ ಇಳಿಯುತ್ತದೆ. ಸರ್ವೀಸ್ ಮುಗಿಯುವ ತನಕ ಪ್ರತಿ ತಿಂಗಳೂ ಕಟ್ಟುವ ದಂಡ ಇದು.

ಆದೇಶ ಕೈಗೆ ಬಂದ ಕೂಡಲೇ ಸಂಘದ ಕಚೇರಿಗೆ ಹೋಗಿ ಮೆಮೊ, ನನ್ನ ಉತ್ತರ, ಆದೇಶದ ಪ್ರತಿ ಎಲ್ಲಾ ಕೊಟ್ಟೆ. "ನಾವು ನೋಡ್ಕೋತೀವಿ, ನೀವು ಆರಾಮಾಗಿ ಡ್ಯೂಟಿ ಮಾಡಿ" ಅಂದರು. ಸ್ವೀಕೃತಿ ಕೇಳಿದ್ದಕ್ಕೆ, "ನಮ್ಮ ನಮ್ಮಲ್ಲಿ ಅದೆಲ್ಲಾ ಯಾಕೆ" ಅಂದರು. ನಂಬಿದೆ. ಸಂಘವನ್ನು ನಂಬದೆ ಇನ್ಯಾರನ್ನು ನಂಬೋದು? ಫೋನ್ ಮಾಡಿದಾಗಲೆಲ್ಲ ಸಾಹೇಬರು ಮೀಟಿಂಗಲ್ಲಿದ್ದಾರೆ, ಮುಂದಿನ ವಾರ ವಿಭಾಗ ಕಚೇರಿಗೆ ಹೋದಾಗ ಮಾತಾಡ್ತಾರೆ, ಫೈಲ್ ಇನ್ನೊಬ್ಬರ ಹತ್ತಿರ ಇದೆ, ಹೀಗೇ ಇವತ್ತು ನಾಳೆ ಅಂತ ಸಾಗಹಾಕಿದರು. ಅಷ್ಟರಲ್ಲಿ ಮೇಲ್ಮನವಿಯ ಅವಧಿ ಮುಗಿದಿತ್ತು. ನಾನೇ ಬರೆದು ಕೊಟ್ಟ ಮೇಲ್ಮನವಿ ತಡವಾಗಿದೆ ಅನ್ನುವ ಒಂದೇ ಸಾಲಿನಲ್ಲಿ ವಾಪಸ್ ಬಂತು. ರೋಲ್ ಮುಗಿದದ್ದು, ಹಣ ತಾಳೆಯಾದದ್ದು, ಯಾವುದನ್ನೂ ಯಾರೂ ಓದಲೇ ಇಲ್ಲ.

ಈಗ ಆಡಳಿತ ಮತ್ತು ಕಾರ್ಮಿಕರ ನಡುವಿನ ವಿವಾದದಲ್ಲಿ ರಾಜಿ ಮಾಡಿಸುವ ಸಂಧಾನಾಧಿಕಾರಿಯ ಮುಂದಾದರೂ ಒಯ್ಯಿರಿ ಅಂದರೆ, ಇಂಥ ಚಿಕ್ಕ ಕೇಸು ನೂರಾರಿವೆ, ಮೊದಲು ದೊಡ್ಡ ಬೇಡಿಕೆಗಳು ಅನ್ನುತ್ತಾರೆ. ದೊಡ್ಡ ಬೇಡಿಕೆಗಳು ನನ್ನವೂ ಹೌದು. 38 ತಿಂಗಳ ವೇತನ ಹೆಚ್ಚಳದ ಬಾಕಿ, 2024ರ ಜನವರಿಯಿಂದ ಆಗಬೇಕಿದ್ದ ವೇತನ ಪರಿಷ್ಕರಣೆ, ಇದಕ್ಕಾಗಿ 2025ರ ಆಗಸ್ಟ್ 5ರಂದು ಮುಷ್ಕರಕ್ಕೆ ಇಳಿದಾಗ ನಮ್ಮಂಥ ಸಾಮಾನ್ಯ ಸದಸ್ಯರೇ ಅಲ್ವಾ ಜೊತೆಗೆ ನಿಂತಿದ್ದು? ಪದಾಧಿಕಾರಿಗಳಿಗೆ ಕೆಲಸ ಜಾಸ್ತಿ ಇದೆ, ಒಪ್ಪುತ್ತೇನೆ. ಒಬ್ಬರೇ ಕಾರ್ಯದರ್ಶಿ ನಾಲ್ಕೈದು ಡಿಪೊ ನೋಡಿಕೊಳ್ಳುವುದನ್ನು ಕಂಡಿದ್ದೇನೆ. ಆದರೆ ಆಗಲ್ಲ ಅಂತ ಹೇಳಲು ಎಷ್ಟು ಹೊತ್ತು ಬೇಕು? ಮೊದಲೇ ಹೇಳಿದ್ದರೆ ನಾನು ವಕೀಲರ ಹತ್ತಿರ ಹೋಗುತ್ತಿದ್ದೆ, ಇಲ್ಲವೇ ಅವಧಿಯೊಳಗೆ ನಾನೇ ಬರೆದು ಕೊಡುತ್ತಿದ್ದೆ.

ಇದು ನನ್ನೊಬ್ಬನ ಗೋಳಾಗಿದ್ದರೆ ಪತ್ರಿಕೆಗೆ ಬರೆಯುತ್ತಿರಲಿಲ್ಲ. ಕಾನೂನಿನಲ್ಲೇ ಒಂದು ತೊಡಕಿದೆ. ಹಳೆಯ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಕೆಲಸದಿಂದ ವಜಾ ಆದವರು ಒಬ್ಬರೇ ಹೋಗಿ ವಿವಾದ ಎತ್ತಬಹುದಿತ್ತು. ಇನ್ಕ್ರಿಮೆಂಟ್ ಕಡಿತದಂಥ ವಿಷಯಕ್ಕೆ ಮಾತ್ರ ಸಂಘವೋ ಒಂದಷ್ಟು ಜನ ಕಾರ್ಮಿಕರೋ ಬೆನ್ನಿಗೆ ನಿಲ್ಲಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು ನೋಡಿ. 20 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಆಡಳಿತದವರು ಮತ್ತು ಕಾರ್ಮಿಕರು ಸಮಸಮ ಇರಬೇಕು, ಅರ್ಜಿ ಬಂದ 30 ದಿನದಲ್ಲಿ ವಿಚಾರಣೆ ಮುಗಿಸಬೇಕು. ತೃಪ್ತಿ ಆಗದಿದ್ದರೆ ಕಾರ್ಮಿಕ 60 ದಿನದೊಳಗೆ ಸಂಧಾನಾಧಿಕಾರಿಗೆ ಅರ್ಜಿ ಹಾಕಬಹುದು. ಅದನ್ನು ಹಾಕಬೇಕಾದದ್ದು ಆತ ಸದಸ್ಯನಾಗಿರುವ ಸಂಘದ ಮೂಲಕ. ಸಮಿತಿಗೆ ಗಡುವಿದೆ, ಕಾರ್ಮಿಕನಿಗೆ ಗಡುವಿದೆ. ನಡುವೆ ಅರ್ಜಿ ಹಿಡಿದುಕೊಂಡಿರುವ ಸಂಘಕ್ಕೆ ಆ ಕಲಮಿನಲ್ಲಿ ಯಾವ ಗಡುವೂ ಇಲ್ಲ. ಸಂಘ ಸುಮ್ನೆ ಕೂತರೆ ಆ 60 ದಿನ ಕಳೆದೇ ಹೋಗುತ್ತದೆ, ನಷ್ಟ ಮಾತ್ರ ಕಾರ್ಮಿಕನದು.

ಅದಕ್ಕೇ ದೂರು ಕೊಟ್ಟ ದಿನವೇ ತಾರೀಖು ಹಾಕಿ, ಸೀಲ್ ಒತ್ತಿ ಸ್ವೀಕೃತಿ ಕೊಡಿ ಅಂತ ಕೇಳುತ್ತಿದ್ದೇನೆ. 15 ದಿನದಲ್ಲಿ ಕೈಗೆತ್ತಿಕೊಳ್ಳುತ್ತೀರೋ ಇಲ್ಲವೋ ಬರೆದು ತಿಳಿಸಿ. ಇಲ್ಲ ಅಂದರೆ ಕಾಗದಪತ್ರ ವಾಪಸ್ ಕೊಡಿ, ನಮ್ಮ ದಾರಿ ನಾವು ನೋಡಿಕೊಳ್ಳುತ್ತೇವೆ. ಕಾರ್ಮಿಕ ಇಲಾಖೆಯೂ ರಾಜ್ಯದ ನಿಯಮಗಳಲ್ಲಿ ಇದಕ್ಕೊಂದು ಸಾಲು ಸೇರಿಸಲಿ. ಸಂಘ ಇಷ್ಟು ದಿನದಲ್ಲಿ ಅರ್ಜಿ ಕಳಿಸದಿದ್ದರೆ ಸದಸ್ಯನೇ ನೇರವಾಗಿ ಕೊಟ್ಟ ಅರ್ಜಿಯನ್ನು ಸಂಧಾನಾಧಿಕಾರಿ ತೆಗೆದುಕೊಳ್ಳುವಂತಾಗಲಿ.

ಸಂಘ ಬಿಟ್ಟು ಬಾ ಅಂತ ಕೆಲವರು ಹೇಳಿದರು. ಬಿಡುವುದಿಲ್ಲ. ಚಂದಾ ಕಟ್ಟುತ್ತಿದ್ದೇನೆ, ಕೇಳುವ ಹಕ್ಕು ನನಗಿದೆ. ಈ ಬೇಡಿಕೆಗಳನ್ನು ಮುಂದಿನ ಸರ್ವಸದಸ್ಯರ ಸಭೆಯ ವಿಷಯಪಟ್ಟಿಗೆ ಸೇರಿಸಿ ಅಂತ ಬರೆದು ಕೊಟ್ಟಿದ್ದೇನೆ, ಈ ಸಲ ಸ್ವೀಕೃತಿ ಪಡೆದೇ ಬಂದಿದ್ದೇನೆ. ಬೇರೆ ಡಿಪೊಗಳ ಚಾಲಕರು, ನಿರ್ವಾಹಕರು, ಮೆಕ್ಯಾನಿಕ್‌ಗಳು ತಮ್ಮ ತಮ್ಮ ಸಂಘದ ಸಭೆಯಲ್ಲೂ ಇದನ್ನು ಕೇಳಬೇಕು ಅಂತ ಕೋರುತ್ತೇನೆ.

ಇಂತಿ,
ಒಬ್ಬ ಬಸ್ ನಿರ್ವಾಹಕ
(ಹೆಸರು, ವಿಳಾಸ ಪ್ರಕಟಿಸಬಾರದಾಗಿ ವಿನಂತಿ)